ಒಲೆ ಕಟ್ಟಿಕೊಂಡು ಅಕ್ಕನ ಮನೆಗೆ

ಯಾರೋ ಬಿಳಿ ಗಂಡಹೆಂಡಿರು ವ್ಯಾನಿನೊಳಗೇ ಹಾಸಿಗೆ, ಒಲೆ, ಪರದೆ ಎಲ್ಲ ಮಾಡಿಕೊಂಡು ದೇಶ ಸುತ್ತುವ ವಿಡಿಯೊ ನನ್ನ ಗಂಡನ ಫೋನಿಗೆ ಬಂದದ್ದೇ ನಮ್ಮ ಗ್ರಹಚಾರ. ನಮ್ಮಲ್ಲೂ ಒಂದು ವ್ಯಾನಿತ್ತು. ರಾಯದುರ್ಗದ ಓಣಿಗಳಲ್ಲಿ ಹೊಲಿದ ಜೀನ್ಸ್ ಪ್ಯಾಂಟಿನ ಗಂಟುಗಳನ್ನು ಮನೆಮನೆಯಿಂದ ಎತ್ತಿಕೊಂಡು ಹೋಗಿ ಬಟ್ಟೆ ಒಗೆಯುವ ವಾಷಿಂಗ್ ಘಟಕಕ್ಕೆ ಮುಟ್ಟಿಸುವ ವ್ಯಾನು. ನಾನು ಮನೆಯಲ್ಲಿ ಕೂತು ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದೆ, ಅವರು ಗಾಡಿ ಓಡಿಸುತ್ತಿದ್ದರು. ಆ ವರ್ಷ ಆರ್ಡರ್ ನಿಂತು ಮಿಷಿನ್ನುಗಳೆಲ್ಲ ಸುಮ್ಮನಾದಾಗ ಇಡೀ ಓಣಿ ತಲೆ ಮೇಲೆ ಕೈ ಹೊತ್ತು ಕೂತಿತು. ನನ್ನ ಗಂಡ ಮಾತ್ರ ನನ್ನ ಟೇಪು ಕಸಿದುಕೊಂಡು ವ್ಯಾನಿನ ಉದ್ದಗಲ ಅಳೆಯತೊಡಗಿದರು.

ಪರದೆಗೆ ಜೀನ್ಸ್ ಬಟ್ಟೆ, ಗಾದಿಯೊಳಗೆ ಜೀನ್ಸಿನ ಚಿಂದಿ, ಮೂಲೆಯಲ್ಲಿ ಗ್ಯಾಸಿನ ಒಲೆ. ಹೊಲಿದವಳು ನಾನು, ಹೊಗಳಿಸಿಕೊಂಡವರು ಅವರು. ನೇಮಕಲ್ಲಿನ ಆಂಜನೇಯನಿಗೆ ಕಾಯಿ ಒಡೆಸಿ, ಕಣೇಕಲ್ಲು ಕೆರೆಯ ದಂಡೆಯಲ್ಲಿ ಅನ್ನ ಬೇಯಿಸಿ ಉಂಡು, ಬೆಳುಗುಪ್ಪ ದಾಟಿ ಮಡಕಶಿರಾ ಕಡೆಗೆ ಹೊರಟೆವು. ಅಲ್ಲಿ ನನ್ನ ಅಕ್ಕನ ಮನೆ.

ಅಕ್ಕನದು ಶೇಂಗಾ, ರಾಗಿ, ಹಿಪ್ಪುನೇರಳೆ ಬೆಳೆಯುವ ಮನೆ. ರೇಷ್ಮೆ ಹುಳ ಸಾಕುವ ಮನೆಯ ಸೊಸೆಗೆ ತವರಿಗೆ ಬರಲು ಪುರಸೊತ್ತು ಎಲ್ಲಿಂದ ಬರಬೇಕು? ಒಂದು ಬೆಳೆ ಗೂಡು ಕಟ್ಟುವಷ್ಟರಲ್ಲಿ ಇನ್ನೊಂದರ ಮರಿ ಬಂದಿರುತ್ತವೆ. ನಾನೋ ಪೀಸ್ ಲೆಕ್ಕದ ಹೊಲಿಗೆಯವಳು. ಬೆಳಿಗ್ಗೆ ಹೋದರೆ ಸಂಜೆ ಬಸ್ಸಿಗೆ ವಾಪಸ್ಸು. ಹೀಗಾಗಿ ಲಗ್ನವಾದಾಗಿನಿಂದ ತವರಿನವರು ಒಬ್ಬರೂ ಅವಳ ಮನೆಯಲ್ಲಿ ಒಂದು ರಾತ್ರಿ ತಂಗಿದ್ದಿಲ್ಲ. ಅದನ್ನೇ ಹಿಡಿದುಕೊಂಡು ಅವಳ ಅತ್ತೆ ಉಣ್ಣುವಾಗ, ಕೂರುವಾಗ ಎತ್ತಿ ಆಡುತ್ತಿದ್ದರು. ನಾವು ಬರುತ್ತೇವೆಂದಾಗ ಅಕ್ಕ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು.

"ಈ ಸಲ ಇದ್ದೋಗ್ಬೇಕು ಕಣೆ. ನಮ್ಮತ್ತೆ ಕಣ್ಣೆದುರಿಗೆ ನಮ್ಮನೇಲಿ ಉಂಡು, ನಮ್ಮನೇಲೇ ಮಲಗ್ಬೇಕು. ನಂಗೆ ಅಷ್ಟು ಸಾಕು."

ನಾವು ಹೋದಾಗ ಬೀದಿಯ ಪಕ್ಕದ ಕೋಣೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಹೊಸ ಚಾಪೆ ಗೋಡೆಗೆ ಒರಗಿ ನಿಂತಿತ್ತು. ನನ್ನ ಗಂಡ ವ್ಯಾನಿನ ಬಾಗಿಲು ಹಾರುಹೊಡೆದು, ಪರದೆ ಸರಿಸಿ, ಅಕ್ಕನಿಗೆ ಎಲ್ಲ ತೋರಿಸಿದರು.

"ಅಕ್ಕಾರ, ನಮ್ಮಿಂದ ನಿಮಗೇನೂ ತ್ರಾಸಿಲ್ರಿ. ಮಲಗಾಕ ಗಾದಿ ಐತಿ, ಅಡಿಗಿಗೆ ಗ್ಯಾಸ್ ಐತಿ. ಒಂದ್ ಕೊಡ ನೀರು ಕೊಟ್ರ ಸಾಕ್ರಿ."

ತಾನು ಮಹಾ ಉಪಕಾರ ಮಾಡುತ್ತಿದ್ದೇನೆಂದು ಆ ಮನುಷ್ಯನ ಎಣಿಕೆ. ಒಲೆ ಕಟ್ಟಿಕೊಂಡು ಬರುವ ನೆಂಟರಲ್ಲಿ ನಮ್ಮ ಕಡೆ ಎರಡೇ ಜಾತಿ. ಜಗಳ ಆಡಲು ಬಂದವರು, ಇಲ್ಲವೇ ಆ ಮನೆಯ ನೀರು ಮುಟ್ಟದವರು. ಅಕ್ಕನ ಮುಖ ಸಣ್ಣದಾಯಿತು. ನಾನು ಗಂಡನ ಕಾಲು ತುಳಿದೆ. ಅವರು ಕಾಲು ಎಳೆದುಕೊಂಡು ಗ್ಯಾಸ್ ಹೊತ್ತಿಸಿಯೂ ತೋರಿಸಿದರು.

ಜಗುಲಿಯ ಮಂಚದ ಮೇಲಿದ್ದ ಅತ್ತೆಗೆ ಬೇಕಾಗಿದ್ದೂ ಅದೇ. ಮನೆಯವರನ್ನು ಬೈಯಲು ಕನ್ನಡ, ಬೀದಿಗೆ ಸುದ್ದಿ ಹಂಚಲು ತೆಲುಗು ಎಂದು ಅವರು ಭಾಷೆಗಳನ್ನು ಭಾಗ ಮಾಡಿಟ್ಟುಕೊಂಡಿದ್ದರು. ಸೊಸೆಯ ತವರಿನವರು ನಮ್ಮ ಮನೆಯ ಅನ್ನ ಮುಟ್ಟುವುದಿಲ್ಲವಂತೆ, ಒಲೆಯನ್ನೇ ತಂದಿದ್ದಾರೆ ಎಂದು ಹೋಗುವವರಿಗೂ ಬರುವವರಿಗೂ ತೆಲುಗಿನಲ್ಲಿ ತಿಳಿಸತೊಡಗಿದರು. ನನಗೆ ನಾಚಿಕೆಯಾಯಿತು, ಮೈಯೆಲ್ಲ ಉರಿಯಿತು.

ಭಾವನಿಗೆ ಮಾತ್ರ ನಮ್ಮ ಗಾಡಿ ಬಹಳ ಹಿಡಿಸಿತು.

"ಬೀದೀಲಿ ಯಾಕಪ್ಪ ನಿಲ್ಲಿಸ್ತೀಯ? ಹಿತ್ತಲಲ್ಲಿ ಒಳ್ಳೆ ನೆಳ್ಳೈತೆ. ಒಸಿ ಜಾಲಿ ಸವರ್ಕಂಡ್ರೆ ಗಾಡಿ ಸಲೀಸಾಗಿ ಹೋಯ್ತದೆ" ಎಂದು ಮಚ್ಚು ತಂದುಕೊಟ್ಟರು.

ಒಸಿ ಜಾಲಿ ಎಂದರೆ ಇಡೀ ಹಿತ್ತಲು. ಆಳು ಸಿಗದೆ ಎಷ್ಟೋ ವರ್ಷದಿಂದ ಬೆಳೆದು ನಿಂತ ಬಳ್ಳಾರಿ ಜಾಲಿ, ಅದರ ಬುಡದಲ್ಲಿ ಸೊಂಟದೆತ್ತರದ ಕಳೆ. ನನ್ನ ಗಂಡ ಕಡಿದರು, ನಾನು ಮುಳ್ಳು ಎಳೆದು ಬೇಲಿಗೆ ಒಟ್ಟಿದೆ. ಭಾವ ಒರಳುಕಲ್ಲಿನ ಮೇಲೆ ಕೂತು, ಅಲ್ಲಿ ಬುಡ ಬಿಟ್ಟಿದೀಯ, ಇಲ್ಲಿ ಬೇರು ಉಳೀತು ಎಂದು ಹೇಳಿಕೊಟ್ಟರು. ವಿಡಿಯೊದಲ್ಲಿ ಆ ಬಿಳಿಯರು ಸರೋವರದ ಪಕ್ಕ ಗಾಡಿ ನಿಲ್ಲಿಸಿ ಕಾಫಿ ಕುಡಿಯುತ್ತಾರೆ. ಅವರಿಗೆ ಇಂಥ ಭಾವ ಇದ್ದಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಿತ್ತಲು ಕಣದಂತೆ ಚೊಕ್ಕಟವಾಯಿತು. ನಮ್ಮ ವ್ಯಾನು ಒಳಗೆ ಬಂದು ನಿಂತಿತು. ಗಂಡನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು.

ಬಹುಮಾನವಾಗಿ ಭಾವ ವೈನು ತೆಗೆದರು. ಹಿಂದೊಮ್ಮೆ ದ್ರಾಕ್ಷಿ ತೋಟವೊಂದರಲ್ಲಿ ಮೇಸ್ತ್ರಿಯಾಗಿದ್ದಾಗ ಕಲಿತ ವಿದ್ಯೆ. ಅಂಗಳದ ಚಪ್ಪರದ ದ್ರಾಕ್ಷಿಯದೊಂದು ಜಾಡಿ, ನೇರಳೆ ಹಣ್ಣಿನದೊಂದು, ಎರಡೂ ಬೆರೆಸಿದ್ದು ಇನ್ನೊಂದು. ಅವರ ತಾಯಿಗೆ ಇದು ಕೀಲುನೋವಿನ ಕಷಾಯವೆಂದು ಹೇಳಿಟ್ಟಿದ್ದರು. ಅವರೂ ದಿನಕ್ಕೆರಡು ಸಲ ನಿಷ್ಠೆಯಿಂದ ತೆಗೆದುಕೊಳ್ಳುತ್ತಿದ್ದರು.

"ಗಟಗಟ ಕುಡೀಬಾರ್ದು ಕಣಪ್ಪ, ಇದು ಹೆಂಡ ಅಲ್ಲ. ಮೊದಲು ಮೂಸಬೇಕು. ಆಮೇಲೆ ನಾಲಿಗೆ ಮೇಲೆ ಆಡಿಸ್ಬೇಕು."

ನನ್ನ ಗಂಡ ಸ್ಟೀಲ್ ಲೋಟದೊಳಗೆ ಮೂಗಿಟ್ಟು ಮೂಸಿದರು. ನಾಲಿಗೆಯ ಮೇಲೆ ಆಡಿಸಿದರು. ಕಣ್ಣಲ್ಲಿ ನೀರು ಬಂತು.

"ಹೆಂಗೈತೆ?"

"ಭಾಳ ಛಲೋ ಐತ್ರಿ."

ಛಲೋ ಎಂದವರಿಗೆ ಮತ್ತೊಂದು ಲೋಟ ಸುರಿಯುವುದು ಭಾವನ ಪದ್ಧತಿ. ನನ್ನ ಗಂಡ ಮರ್ಯಾದಸ್ಥ ಮನುಷ್ಯ, ಮೂರು ಜಾಡಿಯನ್ನೂ ಛಲೋ ಎಂದರು. ಆಮೇಲೆ ಅಕ್ಕ ಬಡಿಸಿದ ಮುದ್ದೆಯನ್ನು ಮರುಮಾತಿಲ್ಲದೆ ಉಂಡು, ಸುಣ್ಣ ಬಳಿದ ಕೋಣೆಗೆ ತಾವೇ ನಡೆದುಹೋಗಿ, ಹೊಸ ಚಾಪೆಯ ಮೇಲೆ ಬಿದ್ದುಕೊಂಡರು. ಗೊರಕೆ ಜಗುಲಿಗೂ ಕೇಳಿಸಿತು. ಅತ್ತೆ ಬೀದಿಗೆ ಹೇಳುತ್ತಿದ್ದ ತೆಲುಗನ್ನು ಅರ್ಧಕ್ಕೇ ನಿಲ್ಲಿಸಿದರು.

ಅಡಿಗೆಮನೆಯಲ್ಲಿ ಅಕ್ಕ ಒಂದು ಜಾಡಿಯ ತಳದಲ್ಲಿ ಉಳಿದದ್ದನ್ನು ಎರಡು ಲೋಟಕ್ಕೆ ಬಗ್ಗಿಸಿದಳು. "ದ್ರಾಕ್ಷಿ ಕಿವುಚೋಳು ನಾನು, ಜಾಡಿ ತೊಳೆಯೋಳು ನಾನು. ರುಚಿ ನೋಡೋರು ಮಾತ್ರ ಅವ್ರು" ಎಂದು, ಮೂಸದೆ, ನಾಲಿಗೆಯ ಮೇಲೆ ಆಡಿಸದೆ, ಒಂದೇ ಉಸಿರಿಗೆ ಕುಡಿದಳು. "ಚೆನ್ನಾಗೈತೆ ಕಣೆ" ಎಂದು ನನ್ನ ಲೋಟವನ್ನೂ ಮುಗಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ನೀನು ಪಾತ್ರೆ ತೊಳೀತಿರು. ಆ ಗಾಡಿಯಿಂದ ನಿಮ್ಮ ಒಲೆ, ಹಾಸಿಗೆ ಎಲ್ಲಾ ಇಳಿಸಿ ಒಳಕ್ಕೆ ತರ್ತೀನಿ. ನಮ್ಮತ್ತೆ ನೋಡ್ಲಿ" ಎಂದು ಹಿತ್ತಲಿಗೆ ಹೊರಟಳು.

ಪಾತ್ರೆಯೆಲ್ಲ ಮುಗಿದರೂ ಅವಳು ಬರಲಿಲ್ಲ. ಹೋಗಿ ನೋಡಿದರೆ ಗಾದಿಯ ಮೇಲೆ ಮಗ್ಗುಲಾಗಿ, ಮಂಡಿ ಮಡಚಿಕೊಂಡು ನಿದ್ದೆ ಹೋಗಿದ್ದಳು. ಅಕ್ಕ ಹಗಲು ಮಲಗಿದ್ದನ್ನು ಅವಳ ಲಗ್ನವಾದ ಮೇಲೆ ನಾನು ನೋಡಿಯೇ ಇರಲಿಲ್ಲ. ಎಬ್ಬಿಸಲು ಮನಸ್ಸು ಬರದೆ ಪರದೆ ಎಳೆದು ಬಂದೆ.

ಸಂಜೆ ಹುಳಕ್ಕೆ ಸೊಪ್ಪು ನಾನೇ ಹಾಕಿದೆ. ನಾಲ್ಕನೇ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳ, ಎಷ್ಟು ಹಾಕಿದರೂ ಸಾಲದು. ಎಲ್ಲರಿಗೂ ಮುದ್ದೆ ತಿರುವಿದೆ. ಅತ್ತೆಗೆ ಕಷಾಯ ಕೊಟ್ಟೆ. ಆ ರಾತ್ರಿ ಕೊನೆಗೂ ಅಕ್ಕನ ಮನೆಯಲ್ಲಿ ಮಲಗಿದೆ. ಬೆಳಿಗ್ಗೆ ಮತ್ತೆ ಸೊಪ್ಪು, ಕಸ, ನೀರು, ರಂಗೋಲಿ. ಹೊತ್ತೇರುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಇದನ್ನು ಅವಳು ದಿನಾ ಹೇಗೆ ಮಾಡುತ್ತಾಳೆಂದು ನೆನೆದು ಅಳು ಬಂತು.

ಬಿಸಿಲು ಅಂಗಳಕ್ಕೆ ಬಂದ ಮೇಲೆ ಅಕ್ಕ ವ್ಯಾನಿನಿಂದಿಳಿದು ತಲೆಗೂದಲು ಗಂಟು ಹಾಕಿಕೊಳ್ಳುತ್ತ ಬಂದಳು. ಮುಖ ತುಂಬಿಕೊಂಡಿತ್ತು. ಅತ್ತೆ ಮಂಚದ ಮೇಲಿಂದಲೇ ಕೂಗಿದರು, ಕನ್ನಡದಲ್ಲಿ.

"ನಿನ್ನೆಯಿಂದ ಎಲ್ಲಿ ಹಾಳಾಗೋಗಿದ್ಯೇ?"

ಅಕ್ಕ ನಿಂತಳು. ನನ್ನ ಕಡೆ ಒಮ್ಮೆ ನೋಡಿದಳು.

"ತವರಿಗೆ ಹೋಗಿದ್ದೆ ಅತ್ತೆ" ಎಂದಳು. "ಈಗ ಬಂದೆ."