ಮರವು ಮೊದಲಿನಿಂದಲೂ ಅಲ್ಲಿಯೇ ಇತ್ತು

ಅಪ್ಪ ಶಿರಸಿಯಿಂದ ಯಲ್ಲಾಪುರಕ್ಕೆ ಸರ್ವಿಸ್ ಮೋಟಾರು ಓಡಿಸುತ್ತಿದ್ದ. ಒಂದು ಸೋಮವಾರ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಎಡಕ್ಕೆ ಹಳ್ಳ, ಬಲಕ್ಕೆ ಮಾವಿನ ಮರ. ಅಪ್ಪ ಮೋಟಾರನ್ನು ಮರಕ್ಕೇ ಒಡ್ಡಿದ. ಹನ್ನೊಂದು ಜನ ಇಳಿದು ನಡೆದು ಬಂದರು. ಮುರಿದದ್ದು ಅಪ್ಪನ ಎಡಗೈ ಮಾತ್ರ.

ಶನಿವಾರದ ವಾರಪತ್ರಿಕೆಯ ಸುದ್ದಿಯನ್ನು ಕತ್ತರಿಸಿ ದಿನಚರಿಗೆ ಅಂಟಿಸಿದೆ: “ಮೋಟಾರು ಮರಕ್ಕೆ ಬಡಿಯಿತು. ಆಗ ಚಾಲಕನು ಮೋಟಾರಿನಲ್ಲಿಯೇ ಇದ್ದನೆಂದು ತಿಳಿದುಬಂದಿದೆ. ಮರವು ಮೊದಲಿನಿಂದಲೂ ಅಲ್ಲಿಯೇ ಇತ್ತು.” ಬ್ರೇಕಿನ ಮಾತಿಲ್ಲ, ಹಳ್ಳದ ಮಾತಿಲ್ಲ.

ಬರೆದ ಬಾತ್ಮೀದಾರರು ನಮ್ಮೂರ ಶಾಲೆಯ ಮಾಸ್ತರರು. ಕೈಗೆ ಪಟ್ಟಿ ಕಟ್ಟಿಕೊಂಡೇ ಅಪ್ಪ ಅವರ ಮನೆಗೆ ಹೋಗಿ, ಹಳ್ಳದ ಬಗ್ಗೆ ಒಂದು ಸಾಲು ಹಾಕಿಸಿ ಎಂದು ಕೇಳಿದ. ನಾನೂ ಜೊತೆಗಿದ್ದೆ.

“ಅಚ್ಚಾದದ್ದು ಅಚ್ಚಾಯ್ತು ಮಾರಾಯ. ಸುಳ್ಳು ಬರದ್ನಾ? ಮರ ಅಲ್ಲಿ ಇರ್ಲಿಲ್ವಾ?” ಎಂದರು.

ಚಾದಂಗಡಿಯಲ್ಲಿ ದಿನಾ ಅದೇ ಮಾತು. “ಎಂತ ಮಾರಾಯ, ಮರ ಇವತ್ತೂ ಅಲ್ಲೇ ಇತ್ತಾ?” ಪ್ರತಿ ಸಲಕ್ಕೂ ದಿನಚರಿಯಲ್ಲಿ ಒಂದು ಗೀಟು ಹಾಕಿದೆ. ಮೂವತ್ತೆರಡಾದ ಮೇಲೆ ಅಪ್ಪ ಅಲ್ಲಿಗೆ ಹೋಗುವುದನ್ನೇ ಬಿಟ್ಟ.

ವಾಚನಾಲಯದಲ್ಲಿ ಶನಿವಾರ ಸಂಜೆ, ಓದು ಬಾರದವರಿಗಾಗಿ ಮುದುಕರೊಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಮಾಸ್ತರರ ಸಾಲುಗಳನ್ನು ಅವರು ಓದುತ್ತಲೇ ತಿದ್ದುತ್ತಿದ್ದರು. ಹಿಂದೆ ನಿಂತು ಅಚ್ಚಿನೊಡನೆ ತಾಳೆ ನೋಡಿದ್ದೇನೆ. ಮಾಸ್ತರರು ಒಳ್ಳೆಯ ಬರಹಗಾರರೆಂದು ಹೆಸರಾದದ್ದು ಹಾಗೆ. ಅಪ್ಪನ ಸುದ್ದಿ ಬಂದ ವಾರ ಮುದುಕರಿಗೆ ಜ್ವರ, ಓದಿದವರು ಬೇರೆ.

ಚಳಿಗಾಲ ಮುಗಿಯುವಷ್ಟರಲ್ಲಿ ಮುದುಕರ ಕಣ್ಣು ಮಂಜಾಯಿತು. ಆ ಕೆಲಸವನ್ನು ನಾನು ಕೇಳಿ ಪಡೆದೆ.

ಇದ್ದದ್ದನ್ನು ಇದ್ದ ಹಾಗೆ ಓದಿದೆ. “ಸೋಂದಾದಲ್ಲಿ ಕಳುವಾದ ಎಮ್ಮೆಯು ಕಳುವಿನ ನಂತರ ಕೊಟ್ಟಿಗೆಯಲ್ಲಿ ಕಂಡುಬರಲಿಲ್ಲ.” “ಸಿದ್ದಾಪುರದ ಬಾವಿಯಲ್ಲಿ ನೀರಿಲ್ಲದ್ದರಿಂದ ಈ ಸಲ ಯಾರೂ ಮುಳುಗಿಲ್ಲ.” ನಾನು ನಗಲಿಲ್ಲ, ಯಾವ ಪದವನ್ನೂ ಒತ್ತಲಿಲ್ಲ. ಮೊದಲ ವಾರ ನಕ್ಕವರು ಏಳು, ನಾಲ್ಕನೆಯ ವಾರ ಹತ್ತೊಂಬತ್ತು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಮಾಸ್ತರರು ಅಷ್ಟರಲ್ಲಿ ಬಾಗಿಲ ಹತ್ತಿರ ಕೂರತೊಡಗಿದ್ದರು.

ಮೆಟ್ಟಿಲ ಮೇಲೆ ನನ್ನನ್ನು ತಡೆದರು. “ತಮಾ, ಬರೋ ವಾರ ನನ್ನ ಮಗಳ ಮದುವೆ ಸುದ್ದಿ ಇದ್ದು. ಬೀಗರೂ ಬತ್ತ್ರು. ಮೊದಲಿನವ್ರ ಹಾಂಗೆ ಚೂರು ನೋಡ್ಕಂಡು ಓದು.”

“ಅಚ್ಚಾದದ್ದು ಅಚ್ಚಾಯ್ತಲ್ಲ ಮಾಸ್ತರೇ,” ಎಂದೆ.

ಆ ಶನಿವಾರ ಅಪ್ಪನನ್ನು ಕರೆದುಕೊಂಡು ಹೋಗಿ ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಪಕ್ಕದಲ್ಲೇ ಬೀಗರು. ಓದಿದೆ: “ವಿವಾಹಕ್ಕೆ ವಧೂವರರಿಬ್ಬರೂ ಹಾಜರಿದ್ದರು. ಊಟ ಮಾಡಿದವರಲ್ಲಿ ಯಾರಿಗೂ ಇದುವರೆಗೆ ಏನೂ ಆಗಿಲ್ಲ.”

ನಗು ನಿಲ್ಲುವವರೆಗೆ ಕಾದು ಅಪ್ಪ ಹೇಳಿದ: “ಕಡೇ ಸಾಲು ಸರೀ ಕೇಳ್ಲಿಲ್ಲ. ಇನ್ನೊಂದ್ಸಲ ಓದು.”

ಓದಿದೆ. ಮಾಸ್ತರರ ಮುಖವನ್ನು ನೋಡಿಕೊಂಡೇ ಓದಿದೆ.

ಎರಡು ವಾರ ಬಿಟ್ಟು ಪತ್ರಿಕೆಯ ಮೂಲೆಯಲ್ಲಿ ಹಳ್ಳದ ಸಾಲು ಬಂತು: “ಚಾಲಕನು ಮೋಟಾರನ್ನು ಮರಕ್ಕೆ ಒಡ್ಡದಿದ್ದರೆ ಹನ್ನೊಂದು ಜನರೂ ಹಳ್ಳದಲ್ಲಿರುತ್ತಿದ್ದರು.” ಅದನ್ನು ಯಾರೂ ಹೇಳದಿದ್ದರೂ ಎರಡು ಸಲ ಓದಿದೆ. ಮರುದಿನ ಅಪ್ಪ ಚಾದಂಗಡಿಗೆ ಹೋದ.

ಮಾಸ್ತರರ ಉಳಿದ ಸಾಲುಗಳನ್ನು ಮಾತ್ರ ನಾನು ಆಮೇಲೂ ತಿದ್ದಲಿಲ್ಲ.