ನಾಲ್ಕನೇ ಹಾಡಿನ ಗುಮಟ್

"ನಿಲ್ಲಿಸಿ, ಇದು ನಮ್ಮ ಗುಮಟ್!" ಎಂದು ನಾನು ಕೂಗಿದ ರಭಸಕ್ಕೆ, ಕೊಲ್ಲಿನಾಡಿನ ಅಹ್ಮದಿ ಪಟ್ಟಣದ ಆಫೀಸಿಗೆ ನನ್ನನ್ನು ಕರೆದುಕೊಂಡು ಹೊರಟಿದ್ದ ಈಜಿಪ್ಟಿನ ಸಹೋದ್ಯೋಗಿ ಕಾರನ್ನೇ ಪಕ್ಕಕ್ಕೆ ನಿಲ್ಲಿಸಿಬಿಟ್ಟರು. ಅವರು ಹಾಕಿದ್ದು ಹೊಸ ಚಿಲ್‌ಔಟ್ ಸಿ.ಡಿ. ಅರಬ್ಬರ ತಂತಿವಾದ್ಯ ಊದ್, ಜಾಝ್ ಪಿಯಾನೊ, ಕಂಪ್ಯೂಟರ್ ತಾಳ ಎಲ್ಲವೂ ಬೆರೆತ ಮೂರು ಹಾಡುಗಳನ್ನು ಹಾಯಾಗಿ ಕೇಳಿದ್ದೆ. ನಾಲ್ಕನೆಯದರಲ್ಲಿ, ಮಂಗಳೂರು ಕಡೆಯ ನಮ್ಮ ಮದುವೆಮನೆಗಳಲ್ಲಿ ಅಪ್ಪ ಬಾರಿಸುತ್ತಿದ್ದ ಅದೇ ಮಣ್ಣಿನ ವಾದ್ಯ!

"ಆಫ್ರಿಕಾದ್ದಿರಬೇಕು, ಹಬೀಬಿ" ಎಂದರು ಅವರು. "ಅಲ್ಲ, ನಮ್ಮಪ್ಪ ಬಾರಿಸುತ್ತಿದ್ದದ್ದು" ಎಂದು ನಾನು ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟು ಹಾಡಿನ ಜೊತೆಗೇ ಬಾರಿಸಿದೆ. ಮೀನುಸಾರು ಪ್ಯಾಂಟಿಗೆ ಚೆಲ್ಲಿತು, ಪೆಟ್ಟು ಮಾತ್ರ ಒಂದೂ ತಪ್ಪಲಿಲ್ಲ.

ಅಂದಿನಿಂದ ಆ ಕಾರಿಗೆ ಯಾರೇ ಹತ್ತಲಿ, ಮೊದಲು ನಾಲ್ಕನೇ ಹಾಡು. "ಇದು ಇವರಪ್ಪನ ವಾದ್ಯ" ಎಂದು ಅವರೇ ಪರಿಚಯಿಸುತ್ತಿದ್ದರು. ಪಾಸ್‌ಪೋರ್ಟನ್ನೇ ಮಾಡಿಸದ ನನ್ನ ಅಪ್ಪ ದಿನವೂ ನಮ್ಮ ಜೊತೆ ಅಹ್ಮದಿಗೆ ಬರುತ್ತಿದ್ದರು.