ಅಲುಗುವ ಕುರ್ಚಿಯೂ ನನ್ನ ಮೂವತ್ತೆರಡು ಹಲ್ಲುಗಳೂ

ವಾಡಿಯ ನಮ್ಮ ಮನೆಯಲ್ಲಿ ಒಂದು ಮರದ ಕುರ್ಚಿಯಿದೆ. ಕುರ್ಚಿಯಲ್ಲಿ ದೋಷವಿಲ್ಲ, ನೆಲದಲ್ಲಿಯೂ ದೋಷವಿಲ್ಲ. ಎರಡೂ ಸೇರಿದಾಗ ಮಾತ್ರ ಜಗಳ. ನೆಲಕ್ಕೆ ಹಾಸಿರುವುದು ಶಹಾಬಾದಿನ ಫರಸಿ ಕಲ್ಲು, ಬೇಸಿಗೆಯಲ್ಲಿ ಅಂಗಾಲಿಗೆ ತಾಯಿಯಂಥದು, ಆದರೆ ಸಮತಟ್ಟಾಗಿರುತ್ತೇನೆಂದು ಯಾರಿಗೂ ಮಾತು ಕೊಟ್ಟದ್ದಲ್ಲ. ಹಾಗಾಗಿ ಕೂತವರು ಉಸಿರೆಳೆದರೂ ಕುರ್ಚಿ ಒಮ್ಮೆ ಮುಂದಕ್ಕೆ ಟಕ್, ಒಮ್ಮೆ ಹಿಂದಕ್ಕೆ ಟಕ್. ಅದರ ಕಾಲಿನಡಿ ರಟ್ಟಿನ ಚೂರು ಇಡಬೇಕೆಂದು ನಾನು ವರ್ಷಗಟ್ಟಲೆ ಚಿಂತಿಸಿದ್ದೇನೆ. ಇಟ್ಟಿಲ್ಲ. ಚಿಂತಿಸುವುದು ಮತ್ತು ಮಾಡುವುದು ಬೇರೆಬೇರೆ ಖಾತೆಗಳು, ನನಗೆ ಸಿಕ್ಕಿದ್ದು ಮೊದಲನೆಯದು.

ಗೆಳೆಯರೇ, ಚಿಂತೆಯಲ್ಲಿ ನನಗಿರುವ ಅನುಭವವನ್ನು ನೀವು ಹಗುರವಾಗಿ ಕಾಣಬೇಡಿ. ಚಿತ್ತಾಪುರದ ಕೋರ್ಟಿನಲ್ಲಿ ಗುಮಾಸ್ತನಾಗಿರುವ ನಾನು ಬೆಳಿಗ್ಗೆ ಮನೆಗೆ ಬೀಗ ಹಾಕಿ, ಹಾಕಿದ ಬೀಗವನ್ನು ಎಳೆದು, ಎಳೆದದ್ದು ಸಾಲದೆಂದು ಸ್ಟೇಷನ್ನಿನಿಂದ ಮರಳಿ ಬಂದು ಮತ್ತೊಮ್ಮೆ ಎಳೆದು, ಅಷ್ಟರಲ್ಲಿ ರೈಲು ಹೋದುದನ್ನು ನೋಡಿ ಬಸ್ಸಿನ ಚಿಂತೆ ಆರಂಭಿಸುವವನು. ಮದುವೆಯ ವಿಷಯವನ್ನು ಇನ್ನೂ ಎಲ್ಲ ಮಗ್ಗುಲುಗಳಿಂದ ಯೋಚಿಸುತ್ತಿರುವಾಗಲೇ ನನಗೆ ಐವತ್ತಾಯಿತು. ಇಂಥ ನಾನು ಹೋದ ವರ್ಷ ಒಂದು ದಿನ ಬೀಗ ಹಾಕದೆ ಕಚೇರಿಗೆ ಹೋದೆ. ಮರುದಿನವೂ ಹೋದೆ. ಗ್ಯಾಸಿನ ಗುಂಡಿ ತಿರುಗಿಸಿದ್ದೇನೋ ಇಲ್ಲವೋ ಎಂಬುದು ನೆನಪಾಗಲಿಲ್ಲ, ನೆನಪಾಗದ್ದು ಬೇಸರ ತರಲಿಲ್ಲ. ಚಿಂತೆ ತಾನಾಗಿ ಮನೆ ಖಾಲಿ ಮಾಡಿಕೊಂಡು ಹೋಗಿತ್ತು. ಸುಖವೆಂದರೆ ಇದೇ ಇರಬೇಕು ಎಂದುಕೊಂಡರೆ ಅಲ್ಲಿ ಸುಖವೂ ಇರಲಿಲ್ಲ. ಊಟ, ನಿದ್ದೆ, ಮಾತು ಎಲ್ಲಕ್ಕೂ ಒಂದೇ ಬಣ್ಣ, ನಮ್ಮೂರ ಕಾರ್ಖಾನೆಯ ಸಿಮೆಂಟಿನ ಧೂಳಿನ ಬಣ್ಣ. ಬದುಕುವುದಕ್ಕೂ ಬದುಕದಿರುವುದಕ್ಕೂ ನಡುವೆ ಹೆಚ್ಚು ವ್ಯತ್ಯಾಸ ಕಾಣದ ಸ್ಥಿತಿಯದು. ಅದನ್ನು ಮೊದಲು ಗುರುತಿಸಿದ್ದು ಚಿಂಚೋಳಿಯಲ್ಲಿರುವ ನನ್ನ ಅಕ್ಕ, ಅದೂ ಫೋನಿನಲ್ಲಿ. ಅವಳಿಗೆ ಜ್ವರ ಎಂದು ಕೇಳಿಯೂ ನಾನು ಯಾವ ಡಾಕ್ಟರು, ಯಾವ ಗುಳಿಗೆ ಎಂದು ಹತ್ತು ಪ್ರಶ್ನೆ ಹಾಕಲಿಲ್ಲವಂತೆ. "ಚಿಂತಿ ಮಾಡದ ನಮ್ಮ ತಮ್ಮ ನಮ್ಮ ತಮ್ಮನೇ ಅಲ್ಲ" ಎಂದು ಅವಳು ಸೇಡಂ ಮೇಲೆ ಬಸ್ಸು ಬದಲಿಸಿ ಬಂದುಬಿಟ್ಟಳು.

ಕಲಬುರಗಿಯ ಮನೋವೈದ್ಯೆಯ ಬಳಿ ತಿಂಗಳುಗಳ ಕಾಲ ಗುಳಿಗೆ ನುಂಗಿದೆ, ಗುಳಿಗೆ ಬದಲಿಸಿ ನುಂಗಿದೆ. ಧೂಳು ಇಳಿಯಲಿಲ್ಲ. ಆಗ ಅವರು ಕೆಟಮಿನ್ ಎಂಬ ಔಷಧದ ಮಾತೆತ್ತಿದರು. ಶಸ್ತ್ರಕ್ರಿಯೆಯಲ್ಲಿ ಅರಿವಳಿಕೆಗೆಂದು ಕೊಡುವುದನ್ನೇ, ಬೇರೆ ಗುಳಿಗೆಗಳಿಗೆ ಜಗ್ಗದ ಖಿನ್ನತೆಗೆ ಸಣ್ಣ ಪ್ರಮಾಣದಲ್ಲಿ, ಕಣ್ಗಾವಲಿನಲ್ಲಿ ಕೊಡುತ್ತಾರಂತೆ. ಆ ಹೊತ್ತಿಗೆ ನನ್ನ ಫೋನು ಈ ಸುದ್ದಿಯನ್ನು ನನಗಿಂತ ಮೊದಲೇ ತಿಳಿದುಕೊಂಡು, ಪರದೇಶದಲ್ಲಿ ಜನ ಇದನ್ನು ಮನೆಗೇ ತರಿಸಿ, ಮೆತ್ತನೆಯ ಸೋಫಾದಲ್ಲಿ ಮಲಗಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮುಗುಳ್ನಗುವ ವಿಡಿಯೊಗಳನ್ನು ತೋರಿಸತೊಡಗಿತ್ತು. ರೈಲು ಹತ್ತುವ ಕಷ್ಟ ತಪ್ಪೀತೆಂದು ಕೇಳಿಯೇಬಿಟ್ಟೆ.

"ಮನ್ಯಾಗೇ ತಗೊಂಡ್ರ ನಡೀತದೇನ್ರಿ, ಡಾಕ್ಟರೇ?"

"ಅದು ತಗೊಂಡಾಗ ಬಿ.ಪಿ. ಏರ್ತದ. ವಾಂತಿ ಬರಬಹುದು. ನೀವು ಎಲ್ಲಿದ್ದೀರಿ ಅನ್ನೋದ ನಿಮಗ ತಿಳೀಲಾರದಂಗ ಆಗ್ತದ. ಮನ್ಯಾಗ ನೋಡ್ಲಿಕ್ಕೆ ಯಾರ ಅದಾರ?"

"ನಮ್ಮ ಅಕ್ಕ ಅದಾಳ್ರಿ."

"ಅಕ್ಕನೋರಿಗೆ ಬಿ.ಪಿ. ನೋಡ್ಲಿಕ್ಕೆ ಬರ್ತದೇನು?"

"ನೋಡ್ಲಿಕ್ಕೆ ಬರಂಗಿಲ್ರಿ. ಏರಸ್ಲಿಕ್ಕೆ ಬರ್ತದ."

ಅಕ್ಕ ಪಕ್ಕದಲ್ಲೇ ಇದ್ದಳು. ಡಾಕ್ಟರು ನಗು ನುಂಗಿಕೊಂಡು ಹೇಳಿದರು: "ಔಷಧ ಮನಿಗಿ ಬರಂಗಿಲ್ರಿ. ಮನಿಗಿ ನೀವು ಹೋಗ್ತೀರಿ. ಬೀಳೋದಿದ್ರ ಇಲ್ಲಿ, ನಮ್ಮ ಮುಂದ ಬೀಳ್ರಿ. ಮನ್ಯಾಗ ಮಾಡೋ ಕೆಲಸ ಬ್ಯಾರೆ ಅದ."

ಆ ಕೆಲಸದ ನಿಯಮಗಳನ್ನು ಅವರು ಅಕ್ಕನಿಗೆ ಹೇಳಿದರು. ಮರುದಿನ ಬೆಳಗಿನ ತನಕ ಒಬ್ಬನೇ ಇರಕೂಡದು, ಗಾಡಿ ಓಡಿಸಕೂಡದು, ಕುಡಿತದ ಹತ್ತಿರ ಸುಳಿಯಕೂಡದು, ಯಾವುದೇ ದೊಡ್ಡ ನಿರ್ಧಾರ ತೆಗೆದುಕೊಳ್ಳಕೂಡದು. ಗದ್ದಲವಿಲ್ಲದ ಕೋಣೆ, ಪಕ್ಕದಲ್ಲಿ ಸುಮ್ಮನೆ ಕೂರುವ ಒಬ್ಬರು, ಏನಾದರೂ ಸಂಶಯ ಬಂದರೆ ತಕ್ಷಣ ಫೋನು. ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು, 'ಸುಮ್ಮನೆ ಕೂರುವ' ಎಂಬಲ್ಲಿ ಮಾತ್ರ ತುಸು ತಡೆದು.

ಸೂಜಿಯ ಅನುಭವವನ್ನು ಬಣ್ಣಿಸಲು ಹೋಗುವುದಿಲ್ಲ. ಕೈ ಯಾರದೋ ಕೈಯಾಯಿತು, ನಾನು ಗೂಡ್ಸ್ ಗಾಡಿಯಿಂದ ಕಳಚಿಬಿಟ್ಟ ಒಂಟಿ ಡಬ್ಬಿಯಾಗಿ ಸದ್ದಿಲ್ಲದೆ ಉರುಳಿದೆ, ಆಮೇಲೆ ಯಾರೋ ಬಂದು ಮತ್ತೆ ಜೋಡಿಸಿದರು. ನರ್ಸು ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಲೇ ಇದ್ದಳು. ಡಾಕ್ಟರು ಹೊರಡಲಡ್ಡಿಯಿಲ್ಲ ಎಂದ ಮೇಲೆ ಅಕ್ಕ ನನ್ನನ್ನು, ದಾರಿಯುದ್ದಕ್ಕೂ ಕೈಬಿಡದೆ, ಮನೆಗೆ ಕರೆತಂದಳು. ನಿಜವಾದ ಪರೀಕ್ಷೆ ಅಲ್ಲಿ ಕಾದಿತ್ತು.

ನಮ್ಮ ಓಣಿಯಲ್ಲಿ ಒಂದು ರಿವಾಜಿದೆ. ಆಸ್ಪತ್ರೆಯಿಂದ ಬಂದವರನ್ನು ಎಲ್ಲರೂ ಬಂದು ಮಾತಾಡಿಸಬೇಕು. ಬರುವಾಗ ತಿನ್ನಲು ಏನಾದರೂ ತರಬೇಕು. ತಂದದ್ದನ್ನು ರೋಗಿ ಅವರ ಕಣ್ಣೆದುರೇ ತಿನ್ನಬೇಕು. ತಿನ್ನದಿದ್ದರೆ ಕಾಯಿಲೆ ದೊಡ್ಡದೆಂದು ಸುದ್ದಿಯಾಗುತ್ತದೆ. ಗದ್ದಲವಿಲ್ಲದ ಕೋಣೆ ಎಂದು ಡಾಕ್ಟರು ಹೇಳುವಾಗ ಈ ಓಣಿಯನ್ನು ಕಂಡಿರಲಿಲ್ಲ. ಮನಸ್ಸಿನ ಕಾಯಿಲೆ ಎಂದು ಬಾಯಿಬಿಟ್ಟರೆ ಓಣಿಯೆಲ್ಲ ಪಿಸುಗುಟ್ಟೀತೆಂದು ಹೆದರಿದ ಅಕ್ಕ ಬಾಗಿಲಲ್ಲೇ ನಿಂತು ಘೋಷಿಸಿದಳು: "ಹಲ್ಲು ಕೀಳಿಸ್ಕೊಂಡಾನ. ಮಾತಾಡಂಗಿಲ್ಲ."

ಸುಳ್ಳು ಸೊಗಸಾಗಿತ್ತು. ನನಗೆ ಮೌನ ಸಿಕ್ಕಿತು, ಓಣಿಗೆ ವಿಷಯ ಸಿಕ್ಕಿತು. ಬಂದವರು ಹೊಸ್ತಿಲಿನಿಂದಲೇ ಮುಖ ನೋಡಿ ಹೊರಟರು. ಪಕ್ಕದ ಮನೆಯ ಶರಣಮ್ಮ ಕಾಕಿ ಮಾತ್ರ ಲವಂಗ ತಂದು, ಅಗಿಯಬಾರದವನಿಗೆಂದು ಮೆತ್ತಗೆ ಶಿರಾ ಮಾಡಿ ತಂದರು. ಅಕ್ಕ ಕುರ್ಚಿಯಲ್ಲಿ ಕೂತು ಕಾವಲು ಕಾದಳು. ಬದುಕಿನಲ್ಲಿ ಮೊದಲ ಸಲ ಅವಳು ಬಾಯಿ ಮುಚ್ಚಿ ಕೂತದ್ದರಿಂದ ಒಳಗಿನ ಮಾತೆಲ್ಲ ಕಾಲಿಗಿಳಿದು, ಕುರ್ಚಿ ಟಕ್ ಟಕ್ ಎನ್ನುತ್ತಲೇ ಇತ್ತು. ಮಂಪರಿನಲ್ಲಿ ಕಣ್ಣು ಮುಚ್ಚಿದ ನನಗೆ ಮನೆಯೆಲ್ಲಿ, ನಾನೆಲ್ಲಿ ಎಂದು ಗಾಬರಿಯಾದಾಗಲೆಲ್ಲ ಆ ಸದ್ದು ಕೇಳುತ್ತಿತ್ತು. ಯಾರೋ ಇದ್ದಾರೆ ಎಂದು ಮತ್ತೆ ಜಾರುತ್ತಿದ್ದೆ.

ಸಂಜೆ ಎದ್ದು, "ಯಕ್ಕಾ, ಚಹಾ ಬ್ಯಾಡ, ಹಾಲು ಕೊಡ್ತೀಯೇನು?" ಎಂದೆ.

"ನೀ ಇವತ್ತ ನಿರ್ಧಾರ ಮಾಡಂಗಿಲ್ಲ."

"ಅದು ದೊಡ್ಡ ನಿರ್ಧಾರಕ್ಕ ಹೇಳಿದ್ದು."

"ಯಾವ್ದು ದೊಡ್ಡದು, ಯಾವ್ದು ಸಣ್ಣದು ಅನ್ನೋದೂ ನಾನೇ ನಿರ್ಧಾರ ಮಾಡ್ತೀನಿ. ಮಕ್ಕೋ."

ಚಹಾವೇ ಬಂತು. ಗೆಳೆಯರೇ, ನಾನು ಬಯಸಿದ್ದು ಸಿಗದ ಆ ಸಂಜೆಯ ನೆಮ್ಮದಿಯನ್ನು ಹೇಗೆ ಹೇಳಲಿ? ಜಗತ್ತಿನ ಸಕಲ ಸಾಧ್ಯತೆಗಳನ್ನು ಒಬ್ಬನೇ ಹೊತ್ತು ನಡೆದವನಿಗೆ, ಇಂದು ನಿನ್ನ ಕೈಯಲ್ಲಿ ಏನೂ ಇಲ್ಲ ಎಂದು ವೈದ್ಯಶಾಸ್ತ್ರವೇ ಅಪ್ಪಣೆ ಕೊಟ್ಟಿತ್ತು.

ಒಂದೇ ತೊಡಕು, ಚಿಕಿತ್ಸೆ ಒಂದು ಸಲದ್ದಲ್ಲ. ಮತ್ತೆ ಹೋದೆ, ಮತ್ತೆ ಹಲ್ಲು. ಮತ್ತೆ ಹೋದೆ, ಮತ್ತೆ ಹಲ್ಲು. ಓಣಿಯ ಲೆಕ್ಕದಲ್ಲಿ ನನ್ನ ಬಾಯಿ ಬರಿದಾಗುತ್ತ ಬಂದಂತೆ, ಮನಸ್ಸಿನಲ್ಲಿ ಮಾತ್ರ ಒಂದೊಂದೇ ಮರಳಿ ನೆಲೆಯೂರತೊಡಗಿತು. ಮೊದಲು ಹಸಿವು. ಆಮೇಲೆ ಒಂದು ಬೆಳಿಗ್ಗೆ, ಸ್ಟೇಷನ್ನಿನ ಹತ್ತಿರ ಹೋದವನು ಬೀಗ ಎಳೆದು ನೋಡಲು ತಿರುಗಿ ಬಂದೆ. ಅಕ್ಕ ಒಳಗೇ ಇದ್ದಳು, ಬೀಗವೇ ಹಾಕಿರಲಿಲ್ಲ. ನನ್ನನ್ನು ಕಂಡು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಂದೇನಪ್ಪಾ, ಚಿಂತಿ ಮಾಡ್ಲಿಕ್ಕೆ?" ಎಂದಳು. ಇಷ್ಟು ಅಕ್ಕರೆಯ ಸ್ವಾಗತ ನನ್ನ ಚಿಂತೆಗೆ ಎಂದೂ ಸಿಕ್ಕಿರಲಿಲ್ಲ.

ಅದಾದ ಮೇಲಿನ ಸೂಜಿ ಮುಗಿದ ಮರುದಿನ ಶರಣಮ್ಮ ಕಾಕಿ ಬಂದು ಅದೇ ಕುರ್ಚಿಯಲ್ಲಿ ಕೂತು, ಟಕ್ ಎಂದು ಮುಂದೆ ಬಾಗಿ, ನನ್ನ ಮುಚ್ಚಿದ ಬಾಯನ್ನು ಕರುಣೆಯಿಂದ ನೋಡಿದರು.

"ಎಷ್ಟು ಉಳದಾವ ತಮ್ಮಾ? ಹಿಂಗ ಒಂದೊಂದ ಕೀಳಿಸ್ಕೊಳ್ಳೋಕಿಂತ ಎಲ್ಲಾ ತೆಗಸಿಬಿಡಬಾರದೇನು? ನಮ್ಮ ಯಜಮಾನರ ಹಳೀ ಹಲ್ಲಿನ ಸೆಟ್ ಅದ. ತೊಳದು ಡಬ್ಬ್ಯಾಗ ಇಟ್ಟೀನಿ."

"ಅದು ಇವನಿಗಿ ದೊಡ್ಡದಾಗ್ತದ, ಕಾಕಿ" ಎಂದಳು ಅಕ್ಕ, ಗಂಭೀರವಾಗಿ.

"ಹಾಕ್ಕೊಂಡು ನೋಡ್ಲಿ. ಹೊಂದಂಗಿಲ್ಲಂದ್ರ ವಾಪಸ್ ಕೊಡ್ಲಿ."

ಒಂದು ವರ್ಷದಿಂದ ಎಲ್ಲಿ ಅಡಗಿತ್ತೋ ಆ ನಗು, ಹೊಟ್ಟೆಯಿಂದ ಎದ್ದು ಗಂಟಲು ದಾಟಿ, ತುಟಿಗಳ ಕಾವಲು ಮುರಿದು ಹೊರಬಿತ್ತು. ನಿಲ್ಲಿಸಲಾಗಲಿಲ್ಲ. ಫರಸಿಯ ಮೇಲೆ ಕೂತು ನಕ್ಕೆ. ಅಕ್ಕ ನನ್ನ ನಗು ಕಂಡು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಕಾಕಿ ಮಾತ್ರ ಬಗ್ಗಿ ನನ್ನ ಬಾಯೊಳಗೆ ನೋಡುತ್ತಿದ್ದರು.

"ಯವ್ವಾ! ಎಲ್ಲಾ ಹಂಗೇ ಅದಾವಲ್ಲ!"

ವಾಸಿಯಾದದ್ದೇ ನನ್ನನ್ನು ಸಿಕ್ಕಿಹಾಕಿಸಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ, ಎಲ್ಲವನ್ನೂ ಹೇಳಿದೆ.

"ಮದಲೇ ಹೇಳಿದ್ರ ಅಷ್ಟು ಲವಂಗ ಉಳೀತಿದ್ವು" ಎಂದರು ಕಾಕಿ. ಆಮೇಲೆ ಕುರ್ಚಿ ನನ್ನ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ, "ಆ ಔಷಧ ಮನಿಗಿ ತರಸ್ಲಿಕ್ಕೆ ಬರ್ತದೇನು? ನಮ್ಮವರು ರಿಟೈರ್ ಆದಾಗಿಂದ ಗ್ವಾಡಿ ನೋಡ್ಕೋತ ಕುಂತಾರ. ಬಾಗಿಲ ದಾಟಂಗಿಲ್ಲ. ಯಾರಿಗಿ ಹೇಳ್ಬೇಕು ತಮ್ಮಾ?" ಎಂದು ಕೇಳಿದರು.

ನಾವು ಯಾವ ಪಿಸುಮಾತಿಗೆ ಹೆದರಿದ್ದೆವೋ ಆ ಪಿಸುಮಾತು ಇದಾಗಿತ್ತು.

"ಔಷಧ ಮನಿಗಿ ಬರಂಗಿಲ್ಲ ಕಾಕಿ" ಎಂದೆ. "ಕಾಕಾನ್ನ ಕರಕೊಂಡು ಹೋಗಮು. ಯಾವ ಔಷಧ ಅನ್ನೋದು ಡಾಕ್ಟರ್ ಹೇಳ್ಲಿ. ಮನ್ಯಾಗ ಕುಂದರೋ ಕೆಲಸ ನಂದು."

ರೈಲ್ವೆ ಗಾರ್ಡಾಗಿದ್ದ ಕಾಕಾನಿಗೆ ಸೂಜಿ ಬೇಕಾಗಲಿಲ್ಲ. ಸಾದಾ ಗುಳಿಗೆ, ವಾರಕ್ಕೊಮ್ಮೆ ಮಾತು, ಸದ್ಯಕ್ಕೆ ಒಂಟಿಯಾಗಿ ಬಿಡಬೇಡಿ ಎಂದರು ಡಾಕ್ಟರು. ಹಾಗಾಗಿ ಭಾನುವಾರ ಮಧ್ಯಾಹ್ನ ಕಾಕಿ ಸಂತೆಗೆ ಹೋದಾಗ ನಾನು ನನ್ನ ಕುರ್ಚಿಯನ್ನು ಹೊತ್ತುಕೊಂಡು ಅವರ ಮನೆಗೆ ಹೋಗುತ್ತೇನೆ. ಕಾಕಾ ಗೋಡೆಯತ್ತ ಮುಖ ಮಾಡಿ ಕಣ್ಣು ಮುಚ್ಚಿ ಮಲಗಿರುತ್ತಾರೆ. ಆದರೆ ಅವರ ಮನೆಗೆ ಹೊಸ ಟೈಲ್ಸು, ಕನ್ನಡಿಯಂಥ ನೆಲ. ನಾಲ್ಕೂ ಕಾಲೂರಿದ ಕುರ್ಚಿ ನಾನೆಷ್ಟು ಹೊರಳಾಡಿದರೂ ಉಸಿರೆತ್ತುವುದಿಲ್ಲ. ಮೊದಲ ದಿನ ಆ ನಿಶ್ಶಬ್ದ ನನ್ನನ್ನು ಚಿಂತೆಗೆ ಹಚ್ಚಿತು, ನಾನಿರುವುದು ಇವರಿಗೆ ತಿಳಿಯುವುದು ಹೇಗೆ? ಎರಡನೆಯ ಭಾನುವಾರ ಮನೆಯಿಂದ ರಟ್ಟಿನ ಚೂರೊಂದನ್ನು ಒಯ್ದು, ಕುರ್ಚಿಯ ಒಂದೇ ಕಾಲಿನಡಿ ಇಟ್ಟು ಕೂತೆ.

ಟಕ್, ಎಂದಿತು. ಕಾಕಾ ಕಣ್ಣು ತೆರೆಯದೆಯೇ, "ಕುರ್ಚಿ ರಿಪೇರಿ ಮಾಡಸೋ" ಎಂದರು.